ನೆರಳು ಹಂಚಿಕೊಂಡ ಓಣಿ

ಕುಮುದಾಳ ಅಜ್ಜಿಯ ಹತ್ತಿರ ಒಂದು ಕಥೆ ಇತ್ತು. ಅದರ ಕೊನೆ ಯಾರಿಗೂ ಗೊತ್ತಿರಲಿಲ್ಲ. ಅಲ್ಲಿಗೆ ಬರುವಷ್ಟರಲ್ಲಿ, ಕೇಳುವವರಿಗಿಂತ ಮೊದಲು ಹೇಳುವವಳೇ ನಿದ್ದೆ ಹೋಗುತ್ತಿದ್ದಳು.

ಒಂದು ಊರಿನ ರಾಜಕುಮಾರಿಗೆ ತನ್ನ ನೆರಳೇ ಭಾರವಂತೆ. ಬೇರೆಯವರ ನೆರಳು ಬೆಕ್ಕಿನ ಹಾಗೆ ಸದ್ದಿಲ್ಲದೆ ಹಿಂದೆ ಬಂದರೆ, ಅವಳದು ನೀರಲ್ಲಿ ನೆನೆದ ಕೌದಿಯ ಹಾಗೆ ಜಗ್ಗುತ್ತಿತ್ತಂತೆ. ಊರ ಮಂದಿ ನೋಡಿದರು, ಮರುಗಿದರು, ಕತ್ತರಿ ತಂದರು. ನೆರಳನ್ನು ತುಂಡು ತುಂಡು ಮಾಡಿ ಮನೆಗೊಂದು ಒಯ್ದರು. ಒಬ್ಬಳು ಸೆರಗಿನ ತುದಿಗೆ ಕಟ್ಟಿಕೊಂಡಳು, ಒಬ್ಬ ರುಮಾಲಿನಲ್ಲಿ ಸುತ್ತಿಕೊಂಡ, ಮುದುಕಿಯೊಬ್ಬಳು ಎಲೆ-ಅಡಿಕೆಯ ಚೀಲದಲ್ಲಿ ತುರುಕಿಕೊಂಡಳು. ರಾಜಕುಮಾರಿ ಹತ್ತಿಯಷ್ಟು ಹಗುರಾದಳು.

"ಆಮ್ಯಾಲೆ?" ಎಂದು ಪುಟ್ಟ ಕುಮುದಾ ಕೇಳುವಳು.

"ಆಮ್ಯಾಲೆ..." ಎನ್ನುವಳು ಅಜ್ಜಿ. ಅಷ್ಟೇ. ಗೊರಕೆ.

ಆ ಕತ್ತರಿ ಒಂದು ದಿನ ನಿಜವಾಗಿಯೂ ಬರುತ್ತದೆ, ಅದನ್ನು ಮಾಡುವ ಕೋಣೆಯಲ್ಲಿ ತಾನೇ ಕೂತು ಬೆಸುಗೆ ಹಾಕುತ್ತಿರುತ್ತೇನೆ ಎಂದು ಕುಮುದಾ ಕನಸಿನಲ್ಲೂ ಎಣಿಸಿರಲಿಲ್ಲ. ಕನಸು ಕಾಣುವುದರಲ್ಲಿ ಅವಳೇನು ಕಡಿಮೆಯವಳಲ್ಲ, ಅದು ಬೇರೆ ಮಾತು.

ಕತ್ತರಿಯ ಹೆಸರು ಪಾಲುಪಟ್ಟಿ. ಬೆಟಗೇರಿಯ ರೈಲುಹಳಿಯ ಆಚೆಗಿದ್ದ ಮಕ್ಕಳ ಇಂದ್ರಿಯ ಕೇಂದ್ರದಲ್ಲಿ ಡಾಕ್ಟರ್ ವಾಸಂತಿ ಕಟಗೇರಿ ಅದನ್ನು ವರ್ಷಗಟ್ಟಲೆ ತಿದ್ದಿ ತೀಡಿ ಮಾಡಿದ್ದರು. ನೋಡಲು ಕೈಗಡಿಯಾರದ ಪಟ್ಟಿಯಂತೆ. ಮಗುವಿನ ಮುಂಗೈಗೆ ಒಂದು, ದೊಡ್ಡವರ ಮುಂಗೈಗೆ ಒಂದು. ದೊಡ್ಡವರದಕ್ಕೆ ಮಾತ್ರ ತಿರುಗುವ ಒಂದು ಬಳೆ.

"ಕೂಸು ಕಿರುಚಿ ಅಳತಿರ್ತೈತಿ, ಎದಿಗೆ ಅವಚಿಕೊಂಡ್ರ ಸುಮ್ಮನಾಕ್ಕೈತಿ. ಯಾಕ?" ಕುಮುದಾ ಕೆಲಸಕ್ಕೆ ಸೇರಿದ ದಿನವೇ ಡಾಕ್ಟರು ಕೇಳಿದ್ದರು.

"ಅವ್ವನ ವಾಸನಿ ಬರ್ತೈತಲ್ರಿ."

"ಅದೂ ಖರೇನ. ಆದ್ರ ಎರಡು ಮೈ ಹತ್ತಿರ ಬಂದಾಗ ಉಸಿರು, ಎದಿಬಡಿತ ಒಂದಕ್ಕೊಂದು ಹೊಂದಿಕೊಳ್ಳಾಕ ನೋಡ್ತಾವ. ನೀರು ಇಳಿಜಾರಿಗೆ ಹರಿದಂಗ, ಸಮಾಧಾನ ಯಾರ ಕಡೆ ಹೆಚ್ಚೈತೋ ಅಲ್ಲಿಂದ ಕಡಿಮಿ ಇದ್ದ ಕಡೆ ಹರೀತೈತಿ. ಅವ್ವ ತನ್ನ ಸಮಾಧಾನ ಕೊಟ್ಟು ಕೂಸಿನ ತಳಮಳ ತಾ ತಗೋತಾಳ. ನಮ್ಮ ಪಟ್ಟಿ ಅದನ್ನ ದೂರದಿಂದ ಮಾಡ್ತೈತಿ. ಅಷ್ಟ."

ಪಟ್ಟಿಯ ಒಳಮೈಯಲ್ಲಿ ಸಾಸಿವೆಗಿಂತ ಸಣ್ಣ ಗುಂಡಿಗಳಿದ್ದವು. ಅವು ಮಗುವಿನ ನಾಡಿ, ಬೆವರು, ಸ್ನಾಯುವಿನ ಬಿಗಿ ಎಲ್ಲ ಓದಿಕೊಂಡು, ತಳಮಳ ಏರಿದಾಗ ನರವನ್ನು ಮೆಲ್ಲಗೆ ತಟ್ಟಿ ಮೆದುಳಿನ ಬಾಗಿಲನ್ನು ಒಂದಿಷ್ಟು ಮುಚ್ಚುತ್ತಿದ್ದವು. ಬಾಗಿಲ ಹೊರಗೆ ಉಳಿದದ್ದು ಹೋಗುತ್ತಿದ್ದುದು ದೊಡ್ಡವರ ಮುಂಗೈಗೆ. ಬಳೆ ತಿರುಗಿಸಿದಷ್ಟು ಪಾಲು.

ಕುಮುದಾ ಈ ಕೆಲಸಕ್ಕೆ ಬಂದದ್ದೇ ಮಗಳಿಗಾಗಿ.

ಬನಶ್ರೀಗೆ ಆರು ವರ್ಷ. ಅಂಗಿಯ ಕೊರಳಪಟ್ಟಿಯ ಒಳಗಿನ ಚೀಟಿ ತಾಗಿದರೂ ಇರುವೆ ಮುತ್ತಿದವಳಂತೆ ಕುಣಿಯುವಳು. ತಲೆಗೆ ಎಣ್ಣೆ ಎಂದರೆ ಯುದ್ಧ. ಒಗ್ಗರಣೆಯ ಸಾಸಿವೆ ಸಿಡಿದರೆ ಮೂಲೆಗೆ, ಶಾಲೆಯ ಗಂಟೆ ಹೊಡೆದರೆ ಬೆಂಚಿನ ಕೆಳಗೆ. ಇಷ್ಟೆಲ್ಲ ಆದವಳು ತಾನಾಗಿಯೇ ಹೋಗಿ ಗೋಡೆಗೆ ಢಿಕ್ಕಿ ಹೊಡೆಯುವಳು, ನೂಲಿನ ಮೂಟೆಗಳ ಸಂದಿಯಲ್ಲಿ ತೂರಿಕೊಂಡು ಕೂರುವಳು. ಹೊಕ್ಕ ಕಡೆ ಬಿಗಿಯಾಗಿರಬೇಕು ಅವಳಿಗೆ.

ವಿಚಿತ್ರವೆಂದರೆ ಮಗ್ಗದ ಖಟಪಟ ಅವಳನ್ನು ಕಾಡುತ್ತಿರಲಿಲ್ಲ. ಲಾಳಿ ಓಣಿಯ ಮನೆ ಮನೆಯಲ್ಲೂ ಮಗ್ಗ. ಅವಳು ಆ ಸದ್ದಿನಲ್ಲೇ ಹುಟ್ಟಿದವಳು. ಕಾಡುತ್ತಿದ್ದುದು ಆ ಸದ್ದು ನಿಲ್ಲುವ ಗಳಿಗೆ. ಬೆಟಗೇರಿಯ ಮಗ್ಗಗಳು ಪೂರಾ ಬಿಸಿಲಿನ ಕರೆಂಟಿಗೆ ಹೊರಳಿದ ಕಾಲ ಅದು. ಬಿಸಿಲು ಇಳಿಯಿತೋ, ಇಡೀ ಓಣಿಯ ಮಗ್ಗಗಳು ಒಟ್ಟಿಗೇ ಗಪ್ಪೆಂದು ನಿಲ್ಲುತ್ತಿದ್ದವು. ಆ ಮೌನ ಬನಶ್ರೀಯ ಮೇಲೆ ಗೋಡೆ ಬಿದ್ದಂತೆ ಬೀಳುತ್ತಿತ್ತು. ದಿನಾ ಸಂಜೆ ಅವಳ ಚೀರಾಟ ಕೇಳಿಯೇ ಓಣಿಯವರು ದೀಪ ಹಚ್ಚುತ್ತಿದ್ದರು.

ಕೇಂದ್ರದ ನಿಯಮ ಸರಳವಾಗಿತ್ತು. ಪಾಲು ಹೊರುವವರು ಮನೆಯ ಇಬ್ಬರು ಮೂವರು, ಅಷ್ಟೇ. ಬಳೆ ಸ್ವಲ್ಪವೇ ತಿರುಗಿಸಬೇಕು. ಅದಕ್ಕಿಂತ ಮುಖ್ಯ, ಮೊದಲು ಆಟ: ಜೋಕಾಲಿ, ಹಗ್ಗ ಜಗ್ಗುವುದು, ಹಿಟ್ಟು ನಾದುವುದು, ಕೌದಿಯಲ್ಲಿ ಸುತ್ತಿಕೊಂಡು ಉರುಳುವುದು. "ನನ್ನ ಮೈ ಎಲ್ಲಿ ಮುಗೀತೈತಿ, ಲೋಕ ಎಲ್ಲಿ ಸುರು ಆಕ್ಕೈತಿ ಅಂತ ಮಕ್ಕಳಿಗೆ ಗೊತ್ತಾಗೂದು ಜಗ್ಗಿದಾಗ, ತಳ್ಳಿದಾಗ, ತೂಗಿದಾಗ. ಪಟ್ಟಿ ಇರೂದು ಆಟ ಮುಗಿದ ಮ್ಯಾಲೆ ಉಳಿದದ್ದಕ್ಕ" ಎಂದು ಡಾಕ್ಟರು ಪ್ರತಿ ತಾಯಿಗೂ ಹೇಳುತ್ತಿದ್ದರು. ಕುಮುದಾಳೇ ಅದನ್ನು ಎಷ್ಟೋ ತಾಯಂದಿರಿಗೆ ಹೇಳಿದ್ದಳು.

ಆದರೆ ಲಾಳಿ ಓಣಿಗೆ ತನ್ನದೇ ಒಂದು ನಿಯಮ ಇತ್ತು, ಕೇಂದ್ರದ್ದಕ್ಕಿಂತ ಬಹಳ ಹಳೆಯದು.

ಅದು ಮುಯ್ಯಿ. ಮಗ್ಗಕ್ಕೆ ಹೊಸ ಹಾಸು ಹೂಡಬೇಕೆಂದರೆ ಉದ್ದಾನುದ್ದದ ಎಳೆಗಳನ್ನು ಓಣಿಯಲ್ಲಿ ಚಾಚಿ ಬಿಗಿಹಿಡಿಯಬೇಕು. ಅದು ಒಂದು ಮನೆಯವರಿಂದ ಆಗುವ ಕೆಲಸವಲ್ಲ. ಇವತ್ತು ನಿಮ್ಮ ಹಾಸು ಹಿಡಿಯಲು ನಮ್ಮ ಕೈ, ನಾಳೆ ನಮ್ಮ ಹಾಸು ಹಿಡಿಯಲು ನಿಮ್ಮ ಕೈ. ಮದುವೆಯ ಹಂದರಕ್ಕೂ ಅದೇ, ಬಾಣಂತನಕ್ಕೂ ಅದೇ. ಕರೆಯದಿದ್ದರೆ ಸಿಟ್ಟು, ಬೇಡ ಎಂದರೆ ಅವಮಾನ.

ಪಟ್ಟಿ ಕಟ್ಟಿದ ವಾರದೊಳಗೆ ಎದುರು ಮನೆಯ ನೀಲಕಂಠಪ್ಪ ಕಾಕಾ ಬಾಗಿಲಲ್ಲಿ ನಿಂತಿದ್ದರು. ಆರಡಿ ಆಳು, ಮೀಸೆ ನೋಡಿದರೆ ಹೆದರಿಕೆ, ಮಾತು ಕೇಳಿದರೆ ನಗು.

"ಏನವ್ವಾ ಕುಮುದಾ, ಹುಡುಗಿ ಹೊರಿ ಹೊರಾಕ ನೀ ಅದಿ, ನಿನ್ನ ಗಂಡ ಮಹಾಂತೇಶ ಅದಾನ, ನಿಮ್ಮತ್ತಿ ತುಳಜವ್ವ ಅದಾಳ. ನಾವೇನ ದಾರ್ಯಾಗ ಹೋಗೋ ಮಂದಿ?"

"ಹಂಗಲ್ರಿ ಕಾಕಾ. ಮೂರ ಮಂದಿ ಸಾಕಂತ ಡಾಕ್ಟರ್ ಹೇಳ್ಯಾರ."

"ನಿನ್ನ ಮದುವಿ ಹಂದರಕ್ಕ ಮೂರ ಮಂದಿ ಸಾಕಾಗಿತ್ತೇನು? ಅವತ್ತ ಯಾವ ಡಾಕ್ಟರ್ ಬಂದಿದ್ದ?"

ಕುಮುದಾ ನಕ್ಕಳು. ನಕ್ಕದ್ದೇ ಸೋತ ಹಾಗೆ. ಕೇಂದ್ರದ ಮೂಲೆಯ ಡಬ್ಬಿಯಲ್ಲಿ ಪರೀಕ್ಷೆ ಮುಗಿದ ಹಳೆಯ ಪಟ್ಟಿಗಳು ಬಿದ್ದಿದ್ದವು. ಒಂದನ್ನು ಚೀಲಕ್ಕೆ ಹಾಕಿಕೊಂಡು ಬಂದಳು. ನೂಲಿಗೆ ಬಣ್ಣ ಕಟ್ಟುವ ಮೆಹರೂ ಆಪಾಗೆ ಅದು ಕಾಣಿಸಿತು. "ಯಾಕವ್ವಾ, ಬನಶ್ರೀ ಹುಟ್ಟಿದಾಗ ಬೆಚ್ಚಗ ಇರ್ಲಿ ಅಂತ ಮೊದಲ ಎತ್ತಿಕೊಂಡಾಕಿ ನಾ ಅಲ್ಲೇನ?" ಎಂದಳು. ಅವಳಿಗೆ ಇಲ್ಲ ಎನ್ನುವುದು ಹೇಗೆ? ಅವಳ ಪಕ್ಕದ ಮನೆಯವರಿಗೆ? ಮುಂದಿನ ಹುಣ್ಣಿಮೆಯ ಹೊತ್ತಿಗೆ ಅರ್ಧ ಓಣಿಯ ಮುಂಗೈಗಳಲ್ಲಿ ಪಾಲುಪಟ್ಟಿ ಇತ್ತು.

ಕಟ್ಟಿಕೊಂಡವರು ಸುಮ್ಮನಿದ್ದರೇ? "ನಾ ಪೂರಾ ತಿರುವೇನಿ, ನೀ?" "ನಂದೂ ಪೂರಾ, ಇನ್ನ ತಿರುಗವಲ್ದು!" ಎಂದು ಕಟ್ಟೆಯ ಮೇಲೆ ಪೈಪೋಟಿ. ಬೆಳಿಗ್ಗೆ ಹಜಾಮತಿಗೆ ಕೂತ ನೀಲಕಂಠಪ್ಪ ಕಾಕಾ ಕುರ್ಚಿಯಲ್ಲೇ ಬೆಚ್ಚಿಬೀಳುವರು. "ತಡಿಯೋ, ಕತ್ತಿ ತಗಿ! ಕುಮುದಾನ ಮನ್ಯಾಗ ಒಗ್ಗರಣಿ ಬಿತ್ತು." ಬಣ್ಣದ ಹಂಡೆಯ ಮುಂದೆ ಕೂತ ಮೆಹರೂ ಆಪಾ ನೆತ್ತಿ ತಿಕ್ಕಿಕೊಂಡು, "ಎಣ್ಣಿ ಹಚ್ಚಾಕತ್ತಾರ ನೋಡು, ತಲಿ ಜುಂ ಅಂತೈತಿ" ಎನ್ನುವಳು. ಒಬ್ಬರ ಮಗುವಿನ ತಲೆಸ್ನಾನ ಅರ್ಧ ಓಣಿಯ ಹಬ್ಬವಾಯಿತು.

ಬನಶ್ರೀಯೋ, ಬಂಗಾರವಾದಳು. ಎಣ್ಣೆಗೆ ತಲೆ ಕೊಟ್ಟಳು, ಎರಡು ಜಡೆ ಹಾಕಿಸಿಕೊಂಡಳು. ಸಂಜೆ ಮಗ್ಗಗಳು ನಿಂತಾಗ ಓಣಿಯ ಮಂದಿಯೆಲ್ಲ ಒಮ್ಮೆ ಕಣ್ಣು ಮುಚ್ಚಿ ಹಲ್ಲು ಕಚ್ಚುವರು; ಅವಳು ಮಾತ್ರ ಹೊಸಿಲ ಮೇಲೆ ಸುಮ್ಮನೆ ಕೂತಿರುವಳು. ಶಾಲೆಯ ಟೀಚರು, "ಹಿಂಗ ಶಾಂತ ಇರೋ ಹುಡುಗೀನ್ನ ನಾ ನೋಡೇ ಇಲ್ಲ" ಎಂದರು. ಮಗ್ಗದ ಕೋಣೆಯ ತೊಲೆಗೆ ಕಟ್ಟಿದ್ದ ಜೋಕಾಲಿಯನ್ನು ಯಾರೂ ಕೇಳಲಿಲ್ಲ. ಅದರ ಹಗ್ಗದ ಮೇಲೆ ತುಳಜವ್ವ ಸೀರೆ ಒಣಹಾಕತೊಡಗಿದಳು.

ಕುಮುದಾಗೂ ಹಾಯೆನಿಸಿತ್ತು. ಆದರೂ ಊಟದ ಹೊತ್ತಿಗೆ ಏನೋ ಒಂದು ಚುಚ್ಚುತ್ತಿತ್ತು.

"ಹಸಿವಾಗೇತೇನ ಬಂಗಾರಿ?"

"ಗೊತ್ತಿಲ್ಲ" ಎನ್ನುವಳು ಬನಶ್ರೀ. ಹಟವಿಲ್ಲ, ಬೇಸರವಿಲ್ಲ. ಪಕ್ಕದ ಮನೆಯವರ ಹಸಿವಿನ ಬಗ್ಗೆ ಕೇಳಿದಂತೆ.

ಒಂದು ಭಾನುವಾರ ಬೆಳಿಗ್ಗೆ ಕುಮುದಾ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ಒಳಗೆ ತುಳಜವ್ವ ರೊಟ್ಟಿ ಬಡಿದು ಮುಗಿಸಿ, ಹಂಚನ್ನು ಒಲೆಯಿಂದ ಇಳಿಸಿ ಆರಲು ಇಟ್ಟು ನೀರು ತರಲು ಹೋಗಿದ್ದಳು.

ಇದ್ದಕ್ಕಿದ್ದಂತೆ ಎದುರು ಮನೆಯಿಂದ "ಎಪ್ಪಾ!" ಎಂದು ನೀಲಕಂಠಪ್ಪ ಕಾಕಾರ ದನಿ. ಹಿಂದೆಯೇ ಮೆಹರೂ ಆಪಾಳ "ಯಾ ಅಲ್ಲಾ!" ಮಗ್ಗದ ಕೋಣೆಯಲ್ಲಿ ಮಹಾಂತೇಶ ಕೂಗಿಕೊಂಡ. ಒಂದೊಂದೇ ಮನೆಯಿಂದ ಚೀರು ಎದ್ದಿತು. ಒಂದೊಂದೇ ಮಗ್ಗ ನಿಂತಿತು. ಕುಮುದಾಳ ಬಲ ಅಂಗೈ ತಣ್ಣೀರಿನೊಳಗಿದ್ದೂ ಉರಿಯತೊಡಗಿತು. ಅವಳು ಒಳಗೆ ಓಡಿದಳು.

ಬನಶ್ರೀ ಹಂಚಿನ ಮೇಲೆ ಅಂಗೈ ಊರಿ ನಿಂತಿದ್ದಳು. ತನ್ನದೇ ಕೈಯನ್ನು, ಯಾರೋ ಅಲ್ಲಿ ಮರೆತುಹೋದ ವಸ್ತುವಿನಂತೆ ನೋಡುತ್ತಿದ್ದಳು. ಕುಮುದಾ ಕೈ ಕಿತ್ತೆಳೆದಾಗ ತಲೆ ಎತ್ತಿ ಕೇಳಿದಳು:

"ಅವ್ವಾ, ಎಲ್ಲಾರೂ ಯಾಕ ಚೀರಾಕತ್ತಾರ?"

ಗುಳ್ಳೆ ದೊಡ್ಡದೇನೂ ಆಗಿರಲಿಲ್ಲ. ಕೇಂದ್ರದಲ್ಲಿ ಡಾಕ್ಟರ್ ಕಟಗೇರಿ ಅಂಗೈಗೆ ಮದ್ದು ಸವರಿ, ಮಗುವನ್ನು ಆಟದ ಕೋಣೆಗೆ ಕಳಿಸಿ, ಕುಮುದಾಳನ್ನು ಪರದೆಯ ಮುಂದೆ ಕೂರಿಸಿದರು. ನಿಗಾ ಕೋಣೆಯ ಆ ದೊಡ್ಡ ಪರದೆಯ ಮೇಲೆ ಕೇಂದ್ರದ ಪ್ರತಿ ಮಗುವಿಗೂ ಒಂದು ಗೆರೆ. ಗೆರೆಗಳು ಏರುತ್ತಿದ್ದವು, ಇಳಿಯುತ್ತಿದ್ದವು, ಕುಣಿಯುತ್ತಿದ್ದವು. ಬನಶ್ರೀಯದು ಹಲಗೆಯ ಮೇಲೆ ಎಳೆದಂತೆ ನೆಟ್ಟಗಿತ್ತು. ಅದರ ಸುತ್ತ ಹೊರಮುಖವಾಗಿ ಬಾಣಗಳು, ಮುಳ್ಳುಹಂದಿಯ ಮುಳ್ಳಿನ ಹಾಗೆ.

"ಇಷ್ಟೆಲ್ಲಾ ಯಾರು ಕುಮುದಾ?"

"ನಮ್ಮ ಓಣಿಯವರು."

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಕುಮುದಾಗೆ.

"ಗೆರಿ ಸುಮ್ಮನೈತಿ ಅಂತ ನಾನೂ ಖುಷಿಪಟ್ಟೆ. ನೋಡಬೇಕಿತ್ತು, ನೋಡಲಿಲ್ಲ. ಇದು ಶಾಂತಿ ಅಲ್ಲ, ಖಾಲಿ." ಅವರು ಕನ್ನಡಕ ತೆಗೆದಿಟ್ಟರು. "ಬೆಂಕಿ ತಾಗಿದ್ರ ಕೈ ತಾನ ಹಿಂದ ಬರ್ತಿತ್ತು, ಅದಕ್ಕ ಮೆದುಳು ಬೇಕಾಗಿಲ್ಲ. ಆರಾಕ ಇಟ್ಟ ಹಂಚಿನ ಬಿಸಿ ಕೈಗೆ ನಿಧಾನಕ್ಕ ಏರ್ತೈತಿ. ಆಗ ಮೆದುಳು 'ಇದು ನಂದು' ಅನ್ನಬೇಕು. ಅಕಿಗೆ ನಂದು ಅನ್ನಾಕ ನೀವು ಏನೂ ಉಳಿಸಿಲ್ಲ."

"ಈಗ ಬಿಚ್ಚಿಹಾಕ್ತೇನ್ರಿ."

"ಬಿಚ್ಚಿದ್ರ ಇಷ್ಟು ಮಂದಿ ಹೊತ್ತಿದ್ದು ಒಮ್ಮಿಗೇ ಆ ಸಣ್ಣ ಮೈಮ್ಯಾಲೆ ಬೀಳ್ತೈತಿ. ಹಂಗಂತ ಬಿಡಾಕೂ ಬರಂಗಿಲ್ಲ. ಮಕ್ಕಳ ಮೆದುಳು ಮಂದಿ ಓಡಾಡದ ದಾರಿನ್ನ ಮುಚ್ಚಿಬಿಡ್ತೈತಿ ಕುಮುದಾ. ಹಸಿವು, ನೋವು, ಸಿಟ್ಟು, ಎಲ್ಲಾದರ ದಾರೀನೂ." ಡಾಕ್ಟರು ಕನ್ನಡಕ ಮತ್ತೆ ಹಾಕಿಕೊಂಡರು. "ಒಂದ ಹಾದಿ ಐತಿ. ತಗೊಂಡವರು ಒಬ್ಬೊಬ್ಬರ ವಾಪಸ್ ಕೊಡಬೇಕು. ಬರೇ ಬಳಿ ಹಿಂದ ತಿರುವಿದ್ರ ನಡಿಯಂಗಿಲ್ಲ. ಅಕಿ ಜೋಡಿ ಆಡಬೇಕು. ಮೈ ಜಗ್ಗಾಡ್ತಿರಬೇಕು, ಆಗ ಬಳಿ ಒಂದೀಟ ಇಳಿಸಬೇಕು. ಬಂದ ಭಾರಾನ್ನ ಮೈ ಅಲ್ಲೇ ಹಿಡೀತೈತಿ."

"ಓಣಿಯವರು ಒಪ್ಪತಾರೇನ್ರಿ?"

"ಅದು ನಿಮ್ಮ ಕೆಲಸ. ಹಳೇ ಪಟ್ಟಿ ಯಾರು ಒಯ್ದಾರ ಅಂತ ನಾ ಕೇಳಿಲ್ಲ ನೋಡ್ರಿ."

ಮರುದಿನ ಸಂಜೆಗೆ ಮುಂಚೆ ಓಣಿಯವರೆಲ್ಲ ಕುಮುದಾಳ ಮನೆಯ ಕಟ್ಟೆಗೆ ಬಂದರು. ಎಲ್ಲರ ಬಲ ಅಂಗೈಯೂ ಇನ್ನೂ ಸ್ವಲ್ಪ ಕೆಂಪಗಿದ್ದಂತೆ ಅವಳಿಗೆ ಕಂಡಿತು. ಅವಳು ಡಾಕ್ಟರು ಹೇಳಿದ್ದನ್ನು ಹೇಳಿದಳು. ನೀಲಕಂಠಪ್ಪ ಕಾಕಾ ಎದ್ದರು.

"ಅಂದ್ರ ನಾವು ಹೊತ್ತದ್ದು ತಪ್ಪಾತು."

"ತಪ್ಪಲ್ರಿ ಕಾಕಾ."

"ಮತ್ತ ಕೂಸಿನ ಸಂಕಟ ಕೂಸಿಗೇ ವಾಪಸ್ ಕೊಡು ಅಂತಿ. ಅದು ಚೀರೂದು ನೋಡಕೋತ ನಾ ಇಲ್ಲಿ ಮೀಸಿ ತಿರುವಕೋತ ಕುಂದರ್ಲೇನು? ನನ್ನಿಂದ ಆಗಂಗಿಲ್ಲವ್ವಾ. ನಾ ಬಿಚ್ಚಂಗಿಲ್ಲ." ಅವರ ದನಿ ಒಡೆಯಿತು. ಅವರಿಗೆ ಮಕ್ಕಳಿರಲಿಲ್ಲ ಎಂಬುದು ಕಟ್ಟೆಯ ಮೇಲೆ ಕೂತ ಎಲ್ಲರಿಗೂ ಆಗ ನೆನಪಾಯಿತು.

ಕುಮುದಾ ನೆರಳಿನ ರಾಜಕುಮಾರಿಯ ಕಥೆ ಹೇಳೋಣವೆಂದು ಬಾಯಿ ತೆರೆದಳು. ಆದರೆ ಕೊನೆ ಇಲ್ಲದ ಕಥೆಯಿಂದ ಯಾರನ್ನು ಒಪ್ಪಿಸಲಾದೀತು? ಬದಲಿಗೆ ಬೇರೆಯೇ ಮಾತು ಬಂತು, ತನಗೇ ಗೊತ್ತಿಲ್ಲದಂತೆ.

"ಕಾಕಾ, ನೀವು ನಮ್ಮ ಹಾಸು ಹಿಡಿಯಾಕ ಬರ್ತೀರಿ. ನಿಮ್ಮ ಹಾಸು ಇದ್ದಾಗ ನಾವು ಬರೂದು ಬ್ಯಾಡ ಅಂದ್ರ ನಾವು ನಿಮ್ಮನ್ನ ಮತ್ತ ಕರೀತೀವೇನು?"

"ಹೆಂಗ ಕರೀತೀರಿ? ನೀವೇನ ಭಿಕಾರಿಗಳಾ?"

"ಬನಶ್ರೀನ್ನ ಭಿಕಾರಿ ಮಾಡೇವಿ ನಾವು." ಕುಮುದಾ ತನ್ನ ಮುಂಗೈ ಎತ್ತಿ ತೋರಿಸಿದಳು. "ನಾವೆಲ್ಲಾ ಕೊಟ್ಟಕೋತ ಹೊಂಟೇವಿ. ಅಕಿ ಯಾವಾಗ ತಿರುಗಿ ಕೊಡಾಕಿ? ಏನ್ನ ಕೊಡಾಕಿ? ಕೈಯಾಗ ಒಂದಾದ್ರೂ ಇದ್ದರ ಕೊಡಬೇಕಲ್ಲ. ಬರೇ ತಗೊಳ್ಳೋರಿಗೆ ನಮ್ಮ ಓಣ್ಯಾಗ ಮುಯ್ಯಿ ಅಂತಾರೇನ್ರಿ?"

ಮೆಹರೂ ಆಪಾ ಸೆರಗಿನಿಂದ ಕಣ್ಣೊರೆಸಿಕೊಂಡು, "ಏನ ಆಟ ಆಡಬೇಕವ್ವಾ, ಹೇಳು. ನನ್ನ ಮೊಣಕಾಲ ಅಂತೂ ಕುಂಟಾಬಿಲ್ಲಿಗೆ ಬರಂಗಿಲ್ಲ" ಎಂದಳು. ನಗು ಎದ್ದಿತು. ನೀಲಕಂಠಪ್ಪ ಕಾಕಾ ನಗಲಿಲ್ಲ. ಆದರೆ ಎದ್ದು ಹೋಗಲೂ ಇಲ್ಲ.

ಅಂದಿನಿಂದ ಓಣಿಯೇ ಆಟದ ಕೋಣೆಯಾಯಿತು. ಮೊದಲು ಸೀರೆ ಇಳಿಸಿ ಜೋಕಾಲಿ ಬಿಡಿಸಿದರು. ನೂಲು ಸುತ್ತುವ ಪೊಳ್ಳು ಕಂಡಿಕೆಗಳನ್ನು ತುಂಬುವ ದೊಡ್ಡ ಬುಟ್ಟಿಯಲ್ಲಿ ಬನಶ್ರೀಯನ್ನು ಕೂರಿಸಿ ಹಗ್ಗ ಕಟ್ಟಿ ಎಳೆದರು. ಆಮೇಲೆ ಅವಳೇ ಆ ಬುಟ್ಟಿಗೆ ನೂಲಿನ ಉಂಡೆ ತುಂಬಿ ಎಳೆಯಬೇಕು. ಮೆಹರೂ ಆಪಾ ತೊಯ್ದ ನೂಲಿನ ಲಡಿಯ ಒಂದು ತುದಿ ತಾನು ಹಿಡಿದು ಇನ್ನೊಂದನ್ನು ಅವಳ ಕೈಗೆ ಕೊಟ್ಟು, "ಹಿಂಡು! ಇನ್ನ ಹಿಂಡು! ಊಟ ಮಾಡಿಲ್ಲೇನ?" ಎಂದು ಛೇಡಿಸುವಳು. ತುಳಜವ್ವ ರೊಟ್ಟಿಯ ಹಿಟ್ಟಿನ ಮುದ್ದೆ ಅವಳ ಮುಂದಿಟ್ಟು ಗುದ್ದಲು ಹೇಳುವಳು. ಹಾಸು ಹೂಡುವ ದಿನ ಎಳೆಗಳ ತುದಿಯ ಕೋಲನ್ನು ಬಿಗಿಹಿಡಿದು ನಿಲ್ಲುವ ಕೆಲಸ ಅವಳಿಗೂ ಒಂದು ಪಾಲು. ಮೈಯೆಲ್ಲ ಬಿಗಿಯಾಗಿ, ಹಿಮ್ಮಡಿ ಮಣ್ಣಲ್ಲಿ ಊರಿ ಅವಳು ನಿಂತಾಗ, ಪಕ್ಕದಲ್ಲಿ ನಿಂತವರು ಸದ್ದಿಲ್ಲದೆ ತಮ್ಮ ಬಳೆಯನ್ನು ಒಂದಿಷ್ಟು ಹಿಂದಕ್ಕೆ ತಿರುಗಿಸುವರು.

ಸುಲಭವಾಗಿತ್ತು ಎಂದರೆ ಸುಳ್ಳಾದೀತು. ಹಗುರಾಗಿ ತೇಲುತ್ತಿದ್ದವಳ ಮೇಲೆ ಲೋಕ ಮರಳಿ ಬಂತು, ಮೊದಲಿಗಿಂತ ಒರಟಾಗಿ. ಚೀಟಿ ಚುಚ್ಚಿತು, ಎಣ್ಣೆ ಉರಿಯಿತು. ಎರಡು ಜಡೆಗಳನ್ನು ತಾನೇ ಕಿತ್ತು ಬಿಚ್ಚಿಕೊಂಡಳು. ನೀಲಕಂಠಪ್ಪ ಕಾಕಾ ಬಳೆ ಮೊದಲ ಸಲ ಇಳಿಸಿದ ದಿನ ಅವರ ಕೈಯನ್ನು ಕಚ್ಚಿಬಿಟ್ಟಳು. ಹಲ್ಲಿನ ಗುರುತು ಮೂಡಿತು. ಕಾಕಾ ಅದನ್ನು ಓಣಿ ತುಂಬ ತೋರಿಸಿಕೊಂಡು ಬಂದರು. "ನೋಡ್ರಿ, ಎಷ್ಟ ಗಟ್ಟಿ ಕಚ್ಯಾಳ! ಸತ್ತಂಗ ಇದ್ದ ಕೂಸು!"

ಸಂಜೆಯದೇ ಕಷ್ಟ. ಮಗ್ಗ ನಿಲ್ಲುವ ಹೊತ್ತಿಗೆ ಕುಮುದಾ, ಮಹಾಂತೇಶ ಇಬ್ಬರೂ ಅವಳ ಎರಡೂ ಬದಿಗಿರುವರು. ಬಿಸಿಲು ಗೋಡೆಯ ನೆತ್ತಿಗೆ ಏರುತ್ತಿದ್ದಂತೆ ಓಣಿಯ ತುದಿಯಿಂದ ಯಾರಾದರೂ "ನಿಂದರ್ತಾವ ನೋಡವ್ವಾ!" ಎಂದು ಕೂಗಿ ಎಚ್ಚರಿಸುವರು. ಆದರೂ ಚೀರಾಟ, ಆದರೂ ಗೋಡೆಗೆ ಢಿಕ್ಕಿ.

ಹೀಗೇ ಒಂದು ಮಧ್ಯಾಹ್ನ ಬನಶ್ರೀ ತಾನೇ ಅಡುಗೆಮನೆಗೆ ಬಂದಳು.

"ಅವ್ವಾ, ನನ್ನೊಳಗ ಲಾಳಿ ಜೋರ ಓಡಾಕತ್ತೈತಿ."

ಹಿಟ್ಟಿನ ಕೈಯಲ್ಲೇ ಕುಮುದಾ ಕುಕ್ಕರಗಾಲಲ್ಲಿ ಕೂತಳು. "ಎಲ್ಲಿ?"

"ಇಲ್ಲಿ." ಎದೆಯಿಂದ ಹೊಟ್ಟೆಯವರೆಗೆ ಬೆರಳು ಆ ಕಡೆ ಈ ಕಡೆ ಓಡಿತು, ಹಾಸಿನ ನಡುವೆ ಲಾಳಿ ಓಡುವ ಹಾಗೆ. "ಖಟ್ ಖಟ್ ಖಟ್ ಅಂತೈತಿ. ಎಳಿ ಹರೀತೈತಿ."

"ಮತ್ತ ಏನ ಮಾಡೂಣು?"

ಬನಶ್ರೀ ಯೋಚಿಸಿದಳು. "ಜೋಕಾಲಿ" ಎಂದು ಹೋದಳು. ಕುಮುದಾ ಅಲ್ಲೇ ಕೂತು ತೊಲೆಯ ಕಿರುಗುಟ್ಟುವಿಕೆ ಕೇಳಿದಳು. ಮೊದಲು ಅವಸರ, ಆಮೇಲೆ ನಿಧಾನ. ಆ ದಿನದಿಂದ ಮನೆಯಲ್ಲಿ ಒಂದು ಹೊಸ ಮಾತು ಹುಟ್ಟಿತು. "ಲಾಳಿ ಹೆಂಗೈತಿ?" "ಸರಿ ಐತಿ." "ಇವತ್ತ ಏಳವಲ್ದು, ಮೂಟಿ ಮ್ಯಾಲೆ ಜಿಗೀತೇನಿ." "ಹಸಿವಾಗೇತಿ, ಅದಕ್ಕ ಹಿಂಗಾಗೇತಿ, ರೊಟ್ಟಿ ಕೊಡು." ಕಡೆಯ ಮಾತು ಕೇಳಿದ ದಿನ ತುಳಜವ್ವ ದೇವರಿಗೆ ತುಪ್ಪದ ದೀಪ ಹಚ್ಚಿದಳು.

ಒಬ್ಬೊಬ್ಬರೇ ಪಟ್ಟಿ ಬಿಚ್ಚಿ ಕುಮುದಾಳ ಕೈಗೆ ಕೊಟ್ಟರು. ಮಹಾಂತೇಶನದೂ ಬಿಚ್ಚಿತು, ತುಳಜವ್ವನದೂ. ಎಲ್ಲರಿಗಿಂತ ಕೊನೆಗೆ ನೀಲಕಂಠಪ್ಪ ಕಾಕಾ. ಬಿಚ್ಚಿದ ಮುಂಗೈಯನ್ನು ಬಹಳ ಹೊತ್ತು ಸವರಿಕೊಳ್ಳುತ್ತ ನಿಂತರು.

ಆಮೇಲೆ ಉಳಿದದ್ದು ಒಂದೇ ಪಟ್ಟಿ. ಕುಮುದಾಳದು. ಅವಳ ಬಳೆ ಇನ್ನೂ ಅರ್ಧ ತಿರುಗಿಯೇ ಇತ್ತು. ಮಂದಿಗೆಲ್ಲ ಬುದ್ಧಿ ಹೇಳಿದವಳಿಗೆ ತನ್ನ ಬೆರಳು ಮಾತು ಕೇಳುತ್ತಿರಲಿಲ್ಲ.

"ನಾಳೆ ಸಂಜಿ ನೀವು ಮನ್ಯಾಗ ಇರಬ್ಯಾಡ್ರಿ" ಎಂದರು ಡಾಕ್ಟರ್ ಕಟಗೇರಿ. "ಮಗ್ಗ ನಿಂತಾಗ ಅಕಿ ಪಕ್ಕಕ್ಕ ಯಾರೂ ಬ್ಯಾಡ. ಮಹಾಂತೇಶ ಅಂಗಳದಾಗ ನಿಂದರಲಿ. ಪಟ್ಟಿ ಇರ್ಲಿ, ಗೆರಿ ನೋಡೂಣು. ಇಳದ್ರ ನಾಡದು ಬಿಚ್ಚೂದು. ಇಲ್ಲಂದ್ರ..."

"ಇಲ್ಲಂದ್ರ?"

"ಇಲ್ಲಂದ್ರ ಮತ್ತ ಮೊದಲಿಂದ."

ಮರುದಿನ ಸಂಜೆ ಕುಮುದಾ ನಿಗಾ ಕೋಣೆಯಲ್ಲಿ ಪರದೆಯ ಮುಂದೆ ಕೂತಿದ್ದಳು. ಕಿಟಕಿಯಾಚೆ ಗುಡ್ಡದ ಮೇಲಿನ ಗಾಳಿಯಂತ್ರಗಳ ಹಿಂದೆ ಸೂರ್ಯ ಜಾರುತ್ತಿದ್ದ. ಸಂಜೆಯ ಬಿಸಿಲು ಮೇಜಿನಿಂದ ಗೋಡೆಗೆ, ಗೋಡೆಯಿಂದ ಚಾವಣಿಗೆ. ಈಗ ಓಣಿಯ ತುದಿಯಲ್ಲಿ ಕೂಗಿರುತ್ತಾರೆ. ಈಗ. ಈಗ ನಿಂತಿರುತ್ತವೆ.

ಪರದೆಯ ಮೇಲೆ ಮಗಳ ಗೆರೆ ಸರ್ರನೆ ಮೇಲೇರಿತು.

ಕುಮುದಾಳ ಮುಂಗೈ ನಡುಗಿತು. ನಡುಕ ತೋಳಿಗೆ ಹತ್ತಿ ಎದೆಗೆ ಬಂತು. ಗೋಡೆ ಬಿದ್ದಂತೆ ಆ ಮೌನ. ಅದು ಮಗಳದೋ ತನ್ನದೋ ತಿಳಿಯಲಿಲ್ಲ. ಅವಳು ಚೀರುತ್ತಿದ್ದಾಳೆ, ಗೋಡೆಗೆ ಹಾಯುತ್ತಿದ್ದಾಳೆ, ನಾನಿಲ್ಲಿ ಕುರ್ಚಿಯಲ್ಲಿ ಕೂತಿದ್ದೇನೆ. ಬಳೆಯನ್ನು ಪೂರಾ ತಿರುಗಿಸಿಬಿಡೋಣ, ಎಲ್ಲವನ್ನೂ ನಾನೇ ತೆಗೆದುಕೊಂಡುಬಿಡೋಣ ಎಂದು ಬೆರಳು ಬಳೆಯ ಮೇಲೆ ಹೋಯಿತು.

ಆಗ ಎಲ್ಲಿಂದಲೋ ತಂಪು ಬಂತು.

ಬೇಸಿಗೆಯಲ್ಲಿ ಮಣ್ಣಿನ ಕೊಡದ ಹೊಟ್ಟೆಗೆ ಕೆನ್ನೆ ಇಟ್ಟ ಹಾಗೆ. ಮುಂಗೈಯಿಂದ ಹತ್ತಿ, ಮೆಲ್ಲಗೆ, ತೂಗಿದಂತೆ: ಬಂತು, ಹೋಯಿತು, ಬಂತು, ಹೋಯಿತು. ಅವಳ ಉಸಿರು ತಾನಾಗಿಯೇ ಆ ತೂಗಾಟಕ್ಕೆ ಸೇರಿಕೊಂಡಿತು. ತಲೆ ಎತ್ತಿ ನೋಡಿದಳು. ಮಗಳ ಗೆರೆ ಇಳಿದಿತ್ತು. ಮೊದಲಿನ ಹಾಗೆ ಸತ್ತಂತೆ ನೆಟ್ಟಗಲ್ಲ. ಸಣ್ಣ ಸಣ್ಣ ಅಲೆಯಾಗಿ, ಏರುತ್ತ ಇಳಿಯುತ್ತ. ಮತ್ತು ಬಾಣ...

"ಡಾಕ್ಟರ್! ಬಾಣ ತಿರುಗೇತ್ರಿ! ತಂತಿ ಉಲ್ಟಾ ಬೆಸುಗಿ ಹಾಕೇನೇನೋ."

ಡಾಕ್ಟರು ಬಂದು ಬಗ್ಗಿ ನೋಡಿದರು. ಮಗುವಿನಿಂದ ತಾಯಿಗೆ ಹೋಗುತ್ತಿದ್ದ ತಳಮಳದ ಬಾಣ ತಾಯಿಯಿಂದ ಮಗುವಿನ ಕಡೆಗೆ ತಿರುಗಿತ್ತು. ಅವರು ಒಂದೆರಡು ಗುಂಡಿ ಒತ್ತಿದರು, ಮತ್ತೆ ನೋಡಿದರು. ಆಮೇಲೆ ನಿಧಾನವಾಗಿ ಕುರ್ಚಿ ಎಳೆದುಕೊಂಡು ಕೂತರು.

"ತಂತಿ ಸರಿ ಐತಿ ಕುಮುದಾ. ಸಮಾಧಾನ ಈಗ ಅಕಿ ಕಡೆ ಹೆಚ್ಚೈತಿ, ನೀರು ಇಳಿಜಾರಿಗೇ ಹರಿದೈತಿ."

ಕುಮುದಾ ಮನೆಗೆ ಓಡುತ್ತ ಹೋದಳೋ ನಡೆಯುತ್ತ ಹೋದಳೋ ಅವಳಿಗೇ ನೆನಪಿಲ್ಲ. ಓಣಿಯಲ್ಲಿ ದೀಪಗಳು ಹತ್ತುತ್ತಿದ್ದವು. ಅಂಗಳದಲ್ಲಿ ಮಹಾಂತೇಶ ಬಾಯಿಗೆ ಬೆರಳಿಟ್ಟು ಸುಮ್ಮನೆ ಹೋಗು ಎಂದು ಸನ್ನೆ ಮಾಡಿದ. ಎದುರು ಕಟ್ಟೆಯ ಮೇಲೆ ನೀಲಕಂಠಪ್ಪ ಕಾಕಾ ಕಂಬಕ್ಕೆ ಬೆನ್ನು ಕೊಟ್ಟು, ಬೇರೆ ಕಡೆ ನೋಡುವವರಂತೆ ಇದೇ ಮನೆಯನ್ನು ನೋಡುತ್ತ ಕೂತಿದ್ದರು.

ಮಗ್ಗದ ಕೋಣೆಯಲ್ಲಿ ನಿಂತ ಮಗ್ಗಗಳ ನಡುವೆ ಜೋಕಾಲಿ ತೂಗುತ್ತಿತ್ತು. ಬನಶ್ರೀ ಖಾಲಿ ಕಂಡಿಕೆಯೊಂದನ್ನು ತುಟಿಗೆ ಹಿಡಿದು ಅದರೊಳಗೆ ಗುಂಯ್ ಎಂದು ಗುನುಗುತ್ತಿದ್ದಳು. ಕೆನ್ನೆ ಮೇಲೆ ಒಣಗಿದ ಕಣ್ಣೀರಿನ ಗೆರೆ ಇತ್ತು.

"ಅತ್ತಿಯೇನ?"

"ಒಂದೀಟ. ಭಾಳ ಜೋರ ಓಡಿತು ಲಾಳಿ. ಆಮ್ಯಾಲೆ ನಿಂತಿತು." ಕಂಡಿಕೆ ಇಳಿಸಿ ಅವಳು ತಾಯಿಯ ಮುಂಗೈ ಕಡೆ ನೋಡಿದಳು. "ನಿನ್ನ ಲಾಳಿ ನಿಂದರವಲ್ದಾಗಿತ್ತಲ್ಲ ಅವ್ವಾ. ಇಲ್ಲೀತನಾ ಬರಾಕತ್ತಿತ್ತು. ಅದಕ್ಕ ನಾ ಇನ್ನೊಂದೀಟ ಹೊತ್ತು ತೂಗಿಕೊಂಡೆ. ನಿಂಗೂ ಆಗಲಿ ಅಂತ."

ಕುಮುದಾ ಬಳೆಯನ್ನು ಹಿಂದಕ್ಕೆ ತಿರುಗಿಸಿದಳು, ಕೊನೆಯವರೆಗೆ. ಮೊದಲು ತನ್ನ ಪಟ್ಟಿ ಬಿಚ್ಚಿದಳು, ಆಮೇಲೆ ಮಗಳದು. ಆ ಪುಟ್ಟ ಮುಂಗೈಯಲ್ಲಿ ಪಟ್ಟಿ ಇದ್ದ ಕಡೆ ಬಿಸಿಲು ಕಾಣದ ಬಿಳಿಯ ಉಂಗುರ ಉಳಿದಿತ್ತು. ಅದನ್ನು ಹೆಬ್ಬೆರಳಿಂದ ಒತ್ತಿ ಒತ್ತಿ ಉಜ್ಜಿದಳು. "ಗಟ್ಟಿ ಒತ್ತು" ಎಂದಳು ಬನಶ್ರೀ. ಗಟ್ಟಿಯಾಗಿ ಒತ್ತಿದಳು.

ಪಕ್ಕದ ನೂಲಿನ ಮೂಟೆಗೆ ಒರಗಿ ಕೂತಾಗ ವಾರಗಟ್ಟಲೆಯ ದಣಿವು ಒಮ್ಮೆಲೇ ಮೈಗೆ ಇಳಿಯಿತು. "ಆ ನೆರಳಿನ ಕಥಿ ಹೇಳು" ಎಂದಳು ಮಗಳು ಜೋಕಾಲಿಯಿಂದ. ಕುಮುದಾ ಹೇಳತೊಡಗಿದಳು. ಒದ್ದೆ ಕೌದಿಯಂಥ ನೆರಳು, ಕತ್ತರಿ, ಸೆರಗು, ರುಮಾಲು, ಎಲೆ-ಅಡಿಕೆಯ ಚೀಲ. ಹತ್ತಿಯಷ್ಟು ಹಗುರಾದ ರಾಜಕುಮಾರಿ. "ಆಮ್ಯಾಲೆ ಅಕಿ ಮನಿ ಮನಿಗೆ ಹೋಗಿ, ನನ್ನ ನೆರಳ ಕೊಡ್ರಿ, ನಾ ಹೊಲಕೋತೇನಿ ಅಂದ್ಲು. ತುಂಡ ತುಂಡ ಇಸಗೊಂಡು ಕೌದಿ ಹೊಲದಂಗ ಹೊಲಕೊಂಡ್ಲು..."

"ಭಾರ ಆಗಲಿಲ್ಲೇನ?"

"ಆತು."

"ಆಮ್ಯಾಲೆ?"

"ಆಮ್ಯಾಲೆ..." ಎಂದಳು ಕುಮುದಾ. ತೊಲೆ ಕಿರುಗುಟ್ಟುತ್ತಿತ್ತು, ಬಂತು, ಹೋಯಿತು. ಅವಳ ರೆಪ್ಪೆಗಳು ಮುಚ್ಚಿಕೊಂಡವು. ನಿದ್ದೆಯ ಹೊಸಿಲಲ್ಲಿ ನಿಂತು, ಅಜ್ಜಿಯೂ ಇಲ್ಲಿಯವರೆಗೇ ಬರುತ್ತಿದ್ದಳಲ್ಲ ಎಂದುಕೊಂಡಳು.

ಜೋಕಾಲಿ ನಿಂತಿತು. ಪುಟ್ಟ ಪಾದಗಳ ಸದ್ದು ಹತ್ತಿರ ಬಂತು. ಮೊಣಕಾಲ ಮೇಲೆ ಒಂದು ಕೌದಿ ಬಿತ್ತು, ಭಾರವಾಗಿ, ಬೆಚ್ಚಗೆ.

"ಆಮ್ಯಾಲೆ ಅವರವ್ವ ಬಿಸಲಾಗ ದಣದು ಬಂದ್ಲು" ಎಂದು ಬನಶ್ರೀ ಕತ್ತಲಾಗುತ್ತಿದ್ದ ಮಗ್ಗಗಳಿಗೆ ಹೇಳುತ್ತಿದ್ದಳು. "ನೆರಳು ದೊಡ್ಡದಿತ್ತು. ಇಬ್ಬರಿಗೂ ಸಾಕಾತು."